ಕೆಂಡದ ಹಾಸಿನ ವಿದ್ಯೆ

ಗಲಗಲಿಯ ಆಚೀಚೆ, ಕೃಷ್ಣೆಯ ದಂಡೆಗುಂಟ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಯೇ ರವದಿ. ಬಹಳ ಕಡೆ ಅದಕ್ಕೆ ಬೆಂಕಿ ಹಚ್ಚಿಬಿಡುತ್ತಾರೆ. ಆ ಹೊಗೆ ಕಂಡಾಗಲೆಲ್ಲ ನನಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಹನ ಪ್ರಯೋಗಾಲಯ ನೆನಪಾಗುತ್ತದೆ. ಹೊಗೆಯೆಂದರೆ ಪೂರ್ತಿ ಉರಿಯದೆ ಪೋಲಾದ ಇಂಧನ. ಅದನ್ನು ಅಲ್ಲಿಯವರಷ್ಟು ಶ್ರದ್ಧೆಯಿಂದ ಬೆನ್ನುಹತ್ತಿದವರು ಕಡಿಮೆ.

ಅಲ್ಲಿ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ರೂಪಿಸಿದ, ಕಟ್ಟಿಗೆಯನ್ನು ಉರಿಯುವ ಅನಿಲವಾಗಿಸುವ ಗ್ಯಾಸಿಫೈಯರ್‌ನ ಬಾಯಿ ತೆರೆದೇ ಇರುತ್ತದೆ. ಒಣಗಿದ ಕಟ್ಟಿಗೆಯ ತುಂಡುಗಳನ್ನು ಮೇಲಿನಿಂದ ಸುರಿಯುತ್ತಾರೆ. ಗಾಳಿ ಆ ಬಾಯಿಯಿಂದಲೂ ಬರುತ್ತದೆ, ಪಕ್ಕದ ಕೊಳವೆಗಳಿಂದಲೂ ಬರುತ್ತದೆ. ಆದರೆ ಪೂರ್ತಿ ಉರಿಯಲು ಸಾಲುವಷ್ಟಲ್ಲ. ಹುಟ್ಟಿದ ಹೊಗೆ ಮೇಲೇಳುವಂತಿಲ್ಲ, ಕೆಳಗಿನ ನಿಗಿನಿಗಿ ಕೆಂಡದ ಹಾಸಿನೊಳಗೆ ಹಾದೇ ಇಳಿಯಬೇಕು. ಅಲ್ಲಿ ಹೊಗೆಯೊಳಗಿನ ಅಂಟು ಟಾರ್ ಒಡೆದು, ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕ ತಲಾ ಸುಮಾರು ಶೇ 20ರಷ್ಟಿರುವ ಅನಿಲ ಹೊರಬರುತ್ತದೆ. ಆ ಅನಿಲದಿಂದ ಎಂಜಿನ್ ಓಡಿಸುತ್ತಾರೆ; ಟಾರ್ ಉಳಿದರೆ ವಾಲ್ವು ಅಂಟಿ ಅದು ನಿಂತುಬಿಡುತ್ತದೆ. ಇಡೀ ವಿದ್ಯೆ ಇರುವುದು ಆ ಕೆಂಡದಲ್ಲೇ.

1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಇಂಥದೊಂದು ಯಂತ್ರ ಬೆಳಕು ಕೊಟ್ಟಿತು. ಮುಂದೆ ಕುಡಿಯುವ ನೀರು, ಹಿಟ್ಟಿನ ಗಿರಣಿ ಎರಡೂ ಅದರಿಂದಲೇ ನಡೆದವು. ರಾಕೆಟ್ಟಿನ ದಹನ ಅರೆದು ಕುಡಿದವರು ಹಳ್ಳಿಯ ಗಿರಣಿಗೂ ಅದೇ ನಿಷ್ಠೆಯಿಂದ ದುಡಿದರಲ್ಲ, ಅದಕ್ಕೆ ನನ್ನ ನಮಸ್ಕಾರ.

ಇಂಥ ಯಂತ್ರಕ್ಕೆ ನಮ್ಮ ರವದಿ ಕಟ್ಟಿಗೆಯಷ್ಟು ಸಲೀಸಲ್ಲ: ಹಗುರ, ಬೂದಿಯೂ ಜಾಸ್ತಿ. ಪುಡಿಮಾಡಿ, ಒತ್ತಿ, ಗಟ್ಟಿ ತುಂಡುಗಳಾಗಿಸಬೇಕು. ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದ ಕರೆಂಟ್ ಮಾಡುತ್ತಿವೆ. ರವದಿಗೂ ಆ ಮರ್ಯಾದೆ ಸಿಗಲಿ ಎಂಬುದು ನನ್ನಾಸೆ.