ಒಳಗೆ ಬಟ್ಟೆ ಬಿಟ್ಟ ರವಿಕೆ

ಒಂದು ಶನಿವಾರ ಸಂಜೆ ಹಜಾರದಲ್ಲಿ ಕುಳಿತು ಹುರುಳೀಕಾಯಿ ಬಿಡಿಸುತ್ತಿದ್ದೆ. ಒಳಗಿನ ಕೋಣೆಯಿಂದ ಮೊಮ್ಮಗಳು ಕೂಗಿದಳು.

"ಅಜ್ಜೀ, ನನ್ನ ಮನೆ ಕಾಣಿಸ್ತಾ ಇಲ್ಲ!"

ಹೋಗಿ ನೋಡಿದೆ. ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡೇ ಸಾಲು ಇತ್ತು. ಈ ಆಟದ ಸೇವೆ ಕೊನೆಗೊಂಡಿದೆ, ಇಷ್ಟು ದಿನ ನಮ್ಮೊಂದಿಗೆ ಇದ್ದುದಕ್ಕೆ ವಂದನೆಗಳು. ಅಷ್ಟೇ. ಒಂದೂವರೆ ವರ್ಷದಿಂದ ಅವಳು ಆ ಆಟದೊಳಗೆ ಒಂದು ಮನೆ ಕಟ್ಟಿದ್ದಳು. ಹೆಂಚಿನ ಮಾಡು, ಹಿತ್ತಲಲ್ಲಿ ಕೊಳ, ಕೊಳದಲ್ಲಿ ಬಾತುಕೋಳಿಗಳು. ಒಂದು ಬಾತುಕೋಳಿಗೆ ನನ್ನ ಹೆಸರು ಬೇರೆ ಇಟ್ಟಿದ್ದಳು. ಎಲ್ಲವೂ ಯಾವುದೋ ದೇಶದಲ್ಲಿರುವ ಕಂಪನಿಯ ಯಂತ್ರದೊಳಗೆ ಇದ್ದವು. ಕಂಪನಿ ಆ ಯಂತ್ರವನ್ನು ಆರಿಸಿತು, ನಮ್ಮ ಹುಡುಗಿಯ ಮನೆಯೂ ಆರಿತು. ಮುಂಚೆಯೇ ಸೂಚನೆ ಕಳಿಸಿದ್ದರಂತೆ, ಅಳಿಯನ ಈ-ಮೇಲಿಗೆ. ಅದನ್ನು ಯಾರು ಓದುತ್ತಾರೆ? ಹುಟ್ಟುಹಬ್ಬಕ್ಕೆಂದು ಆ ಆಟಕ್ಕೆ ಸಾವಿರದ ಚಿಲ್ಲರೆ ರೂಪಾಯಿ ಕೊಟ್ಟವಳು ನಾನೇ. ಕೊಂಡೆ ಅಂದುಕೊಂಡಿದ್ದೆ. ಅದು ಕೊಂಡದ್ದಲ್ಲ, ಬಾಡಿಗೆಗೆ ಹಿಡಿದದ್ದು ಎಂದು ಆ ದಿನ ತಿಳಿಯಿತು.

ಅವಳ ಅಳು ಊಟದ ಹೊತ್ತಿಗೆ ನಿಂತಿತು. ನನ್ನ ಸಿಟ್ಟು ಮಾತ್ರ ತಿಂಗಳುಗಟ್ಟಲೆ ಇತ್ತು. ಆದರೆ ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದಲ್ಲ. ಅದಕ್ಕೇ ಸಿಟ್ಟು ಇಳಿದ ಮೇಲೆ, ಎರಡೂ ಬಗೆಯ ಆಟಗಳನ್ನು ಅವಳ ಪಕ್ಕದಲ್ಲಿ ಕುಳಿತು ಆಡಿ, ನೋಡಿ, ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಸಂಗತಿ ಹೇಳಿಬಿಡುತ್ತೇನೆ. ನಾವಿರುವುದು ಯಲಹಂಕ ಉಪನಗರದಲ್ಲಿ. ಮಗಳು ಅಳಿಯ ಇಬ್ಬರೂ ನಾಗವಾರದ ಕಡೆ ಕೆಲಸ ಮಾಡುತ್ತಾರೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ಮನೆ ಸೇರುವಾಗ ರಾತ್ರಿ ಎಂಟು ಆದರೂ ಆಯಿತು. ಅಲ್ಲಿಯವರೆಗೆ ಹುಡುಗಿ ನನ್ನ ಸುಪರ್ದಿಗೆ. ಮನೆಯಲ್ಲಿದ್ದ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಮಹಡಿಯ ಮೇಲೆ ಬಾಡಿಗೆಗಿದ್ದ ಹುಡುಗನೊಬ್ಬ, "ಆಂಟಿ, ಇದನ್ನ ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿಕೊಡ್ತೀನಿ" ಎಂದ. ಹಾಕಿಯೂ ಕೊಟ್ಟ. ಅವನಿಗೆ ನಾನು ಕೊಟ್ಟದ್ದು ಎರಡು ಲೋಟ ಕಾಫಿ, ಒಂದು ಡಬ್ಬ ಕೋಡುಬಳೆ.

ಲಿನಕ್ಸ್ ಎಂದರೇನು ಎಂದು ಕೇಳುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ ಅದೂ ಒಂದು. 1991ರಲ್ಲಿ ಫಿನ್‌ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ್ದು. ಅದರ ಒಳಗುಟ್ಟನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಇದನ್ನೇ ಓಪನ್ ಸೋರ್ಸ್, ಮುಕ್ತ ತಂತ್ರಾಂಶ ಎನ್ನುವುದು. ನನಗೆ ಇದು ಅರ್ಥವಾದದ್ದು ರವಿಕೆಯಿಂದ. ಒಳ್ಳೆಯ ದರ್ಜಿ ರವಿಕೆ ಹೊಲಿಯುವಾಗ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾನೆ. ಬಾಣಂತನವಾಗಿ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು, ಮಗಳಿಗೆ ಕೊಡುವಾಗ ಬಿಗಿ ಮಾಡಬಹುದು. ಅಂಗಡಿಯ ಸಿದ್ಧ ರವಿಕೆಯಲ್ಲಿ ಆ ಬಟ್ಟೆ ಇರುವುದಿಲ್ಲ. ನೋಡಲು ಅಂದ, ಹಾಕಿದ ದಿನ ಸೊಗಸು, ಮೈ ಬದಲಾದ ದಿನ ಮೂಲೆಗೆ. ಮುಕ್ತ ತಂತ್ರಾಂಶ ಒಳಗೆ ಬಟ್ಟೆ ಬಿಟ್ಟು ಹೊಲಿದದ್ದು. ಕಂಪನಿಗಳ ಸ್ವಾಮ್ಯದ ತಂತ್ರಾಂಶ ಅಂಗಡಿಯಿಂದ ತಂದ ಸಿದ್ಧ ಉಡುಪು.

ಹಾಗಾದರೆ ಒಳಗೆ ಬಟ್ಟೆ ಬಿಟ್ಟ ಆಟಗಳು ಹೇಗಿವೆ? ನಾವು ಮೊದಲು ಆಡಿದ್ದು 'ಸೂಪರ್ ಟಕ್ಸ್ ಕಾರ್ಟ್'. ಲಿನಕ್ಸಿನ ಲಾಂಛನ ಟಕ್ಸ್ ಎಂಬ ಪೆಂಗ್ವಿನ್. ಅದೂ ಅದರ ಗೆಳೆಯರೂ ಪುಟ್ಟ ಗಾಡಿಗಳಲ್ಲಿ ಪಂದ್ಯ ಓಡುತ್ತವೆ. ದಾರಿಯಲ್ಲಿ ಸಿಗುವ ಪೆಟ್ಟಿಗೆಗಳಿಂದ ಚೂಯಿಂಗ್ ಗಮ್ಮೋ ಕೇಕೋ ತೆಗೆದು ಎದುರಾಳಿಗೆ ಕಾಟ ಕೊಡಬಹುದು. ರಕ್ತವಿಲ್ಲ, ಕೊಲೆಯಿಲ್ಲ. ಒಂದೇ ಕೀಲಿಮಣೆಯಲ್ಲಿ ಇಬ್ಬರು ಆಡಬಹುದು. ಅಜ್ಜಿ ಮೊಮ್ಮಗಳ ಜೋಡಿಗೆ ಇದಕ್ಕಿಂತ ಇನ್ನೇನು ಬೇಕು? ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಹಣ ಕೇಳುವುದಿಲ್ಲ, ನಡುವೆ ಜಾಹೀರಾತು ತೋರಿಸುವುದಿಲ್ಲ.

ಎರಡನೆಯದು 'ಝೀರೋ ಎ.ಡಿ.' ಎಂಬ ದೊಡ್ಡ ಆಟ. ಪ್ರಾಚೀನ ರಾಜ್ಯಗಳನ್ನು ಕಟ್ಟಿ ಆಳುವುದು, ಯುದ್ಧ ಮಾಡುವುದು. ಅದರ ಒಳಗುಟ್ಟನ್ನು 2009ರಲ್ಲಿ ಎಲ್ಲರಿಗೂ ತೆರೆದಿಟ್ಟರು. ರೋಮನರು, ಗ್ರೀಕರ ಜೊತೆಗೆ ನಮ್ಮ ಮೌರ್ಯರೂ ಅದರಲ್ಲಿದ್ದಾರೆ. ಸರಕು ಸಾಗಿಸಲು ನೆರವಾಗುವ ಕೆಲಸದ ಆನೆಗಳಿವೆ. ಚಂದ್ರಗುಪ್ತ, ಚಾಣಕ್ಯ, ಅಶೋಕ ಮೂವರೂ ನಾಯಕರು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟನೆಂದು ಜೈನ ಪರಂಪರೆ ಹೇಳುವ ಚಂದ್ರಗುಪ್ತ ಇಲ್ಲಿ ದಂಡೆತ್ತಿ ಹೊರಡುವುದನ್ನು ಕಂಡು ನನಗೆ ನಗು ಬಂತು. ಮೊಮ್ಮಗಳಿಗೆ ಬೆಟ್ಟದ ಕಥೆ ಹೇಳಲು ಅದೇ ನೆಪವಾಯಿತು.

ನಾನು ನೋಡಿದ ಆವೃತ್ತಿಯಲ್ಲಿ ಆ ಆಟದ ಹೆಂಗಸರು ಹಣ್ಣು ಆಯುವುದರಲ್ಲಿ, ಹೊಲದ ಕೆಲಸದಲ್ಲಿ ಚುರುಕು. ಗಣಿ ಕೆಲಸದಲ್ಲಿ ನಿಧಾನ. "ಇಲ್ಲೂ ನಮಗೆ ಇದೇ ಕೆಲಸವೇನೋ?" ಎಂದೆ. ಮಹಡಿಯ ಹುಡುಗ ನಕ್ಕು, "ಬದಲಾಯಿಸಬಹುದು ಆಂಟಿ, ಅದೆಲ್ಲ ಒಂದು ಕಡತದಲ್ಲಿ ಬರೆದಿಟ್ಟ ಅಂಕಿ ಅಷ್ಟೇ" ಎಂದು ಆ ಕಡತ ತೆರೆದು ತೋರಿಸಿದ. ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಹೆಂಗಸಿಗೆ ಯಾವ ಕೆಲಸ ಎಷ್ಟು ಬರುತ್ತದೆ ಎಂಬುದನ್ನು ಯಾರೋ ಎಲ್ಲೋ ಬರೆದಿಟ್ಟಿರುತ್ತಾರೆ. ಆ ಕಡತ ನಮ್ಮ ಕೈಗೆ ಸಿಗುವುದು ಅಪರೂಪ, ಅಲ್ಲವೇ?

ಆದರೆ ಹೊಗಳಿಕೆಯೊಂದನ್ನೇ ಬರೆದರೆ ವಿಮರ್ಶೆಯಾಗದು. ಝೀರೋ ಎ.ಡಿ. ಎಷ್ಟೋ ವರ್ಷ 'ಇನ್ನೂ ಮುಗಿದಿಲ್ಲ' ಎಂಬ ಹಣೆಪಟ್ಟಿ ಹಚ್ಚಿಕೊಂಡೇ ಹೊಸ ಹೊಸ ಆವೃತ್ತಿಗಳಲ್ಲಿ ಬಂದಿದೆ. ಅದಕ್ಕಿಂತ ದೊಡ್ಡ ಕೊರತೆ ಕಥೆಯದು. ಒಂದು ಕಾದಂಬರಿಯಂತೆ ಮನಸ್ಸನ್ನು ಹಿಡಿದು ಕೂರಿಸುವ ಮುಕ್ತ ಆಟ ನಮಗೆ ಸಿಕ್ಕಿದ್ದು ಕಡಿಮೆ. ಬಿಡುವಿನಲ್ಲಿ ನಾಲ್ಕು ಊರಿನ ನಾಲ್ಕು ಜನ ಸೇರಿ ಹೊಲಿದ ಕೌದಿ ಬೆಚ್ಚಗಿರುತ್ತದೆ, ಆದರೆ ಬಣ್ಣ ಬಣ್ಣಕ್ಕೆ ಹೊಂದುವುದಿಲ್ಲ. ಕಳೆದುಹೋದ ಮೊಮ್ಮಗಳ ಆಟವಾದರೋ, ಸತ್ಯ ಹೇಳಬೇಕೆಂದರೆ, ಬಹಳ ಚೆನ್ನಾಗಿತ್ತು. ಮಳೆ ಬಂದರೆ ಹೆಂಚಿನಿಂದ ನೀರು ಹನಿಯುವುದು ಕೂಡ ನಮ್ಮ ತೀರ್ಥಹಳ್ಳಿ ಕಡೆಯ ಮನೆಯಂತೆಯೇ ಕೇಳಿಸುತ್ತಿತ್ತು. ಸಂಬಳ ಪಡೆದ ಚಿತ್ರಕಾರರು, ಸಂಗೀತಗಾರರು, ಬರಹಗಾರರು ವರ್ಷಗಟ್ಟಲೆ ಒಂದೇ ಕಡೆ ಕುಳಿತು ಮಾಡಿದ ಕೆಲಸ ಅದು. ದುಡಿದವರಿಗೆ ಕೂಲಿ ಬೇಡವೇ?

ಲಿನಕ್ಸಿನವರು ಈ ವಿಷಯದಲ್ಲಿ ಪೂರ್ತಿ ನಿರಪರಾಧಿಗಳಲ್ಲ. 1998ರಲ್ಲಿ ಅಮೆರಿಕದಲ್ಲಿ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ ಶುರುವಾಯಿತು. ಬೇರೆ ಕಂಪನಿಗಳ ಒಳ್ಳೆಯ ಆಟಗಳನ್ನು ಲಿನಕ್ಸಿಗೆ ಒಗ್ಗಿಸಿ ಮಾರುವುದೇ ಅದರ ಕಸುಬು. ಕೊಳ್ಳುವವರು ಸಾಕಷ್ಟು ಸಿಗಲಿಲ್ಲ, 2002ರಲ್ಲಿ ಬಾಗಿಲು ಹಾಕಿತು. ಆಮೇಲೆ 2013ರಲ್ಲಿ ಸ್ಟೀಮ್ ಎಂಬ ಆಟದಂಗಡಿ ಲಿನಕ್ಸಿಗೆ ಬಂತು. 2018ರಲ್ಲಿ ಅದೇ ಅಂಗಡಿಯವರು ಪ್ರೋಟಾನ್ ಎಂಬ ಸಾಧನ ಕೊಟ್ಟ ಮೇಲೆ, ವಿಂಡೋಸಿಗಾಗಿ ಮಾಡಿದ ಸಾವಿರಾರು ಆಟಗಳು ಲಿನಕ್ಸಿನಲ್ಲಿಯೂ ಓಡತೊಡಗಿದವು. ತಮಾಷೆಯೆಂದರೆ ಆ ಪ್ರೋಟಾನ್ ನಿಂತಿರುವುದು ವೈನ್ ಎಂಬ ಮುಕ್ತ ತಂತ್ರಾಂಶದ ಮೇಲೆ. ಬೀಗ ಹಾಕಿದ ಮನೆಗಳಿಗೆ ಹೋಗುವ ದಾರಿ ಊರವರೆಲ್ಲ ಸೇರಿ ಹಾಕಿದ್ದು!

ಹಾಗಾಗಿ ನನ್ನ ತಕರಾರು ಹಣ ಕೇಳುವುದರ ಬಗ್ಗೆ ಅಲ್ಲ. ಹಣ ತೆಗೆದುಕೊಂಡ ಮೇಲೂ ಕೀಲಿಯನ್ನು ತಮ್ಮ ಸೊಂಟದಲ್ಲಿಯೇ ಸಿಕ್ಕಿಸಿಕೊಂಡಿರುವುದರ ಬಗ್ಗೆ. ಇದು ನಮ್ಮ ಮನೆಯೊಂದರ ದೂರೂ ಅಲ್ಲ. 2014ರಲ್ಲಿ ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿ 'ದಿ ಕ್ರೂ' ಎಂಬ ಕಾರಿನ ಆಟ ತಂದಿತು. 2024ರ ಮಾರ್ಚ್ 31ರಂದು ಅದರ ಸರ್ವರ್‌ಗಳನ್ನು ನಿಲ್ಲಿಸಿತು. ಅಂದಿನಿಂದ ದುಡ್ಡು ಕೊಟ್ಟವರು ಕೂಡ ಒಬ್ಬರೇ ಕುಳಿತು ಕಾರು ಓಡಿಸಲಾಗದೆ ಹೋಯಿತು. ಅದೇ ವರ್ಷ ಆಟಗಾರರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಶುರುಮಾಡಿದರು. ನಡೆಸಲು ಆಗದಿದ್ದರೆ ನಿಲ್ಲಿಸಿ, ಆದರೆ ನಾವು ಕೊಂಡದ್ದನ್ನು ನಾವೇ ನಡೆಸಿಕೊಳ್ಳುವ ಹಾಗೆ ಬಿಟ್ಟು ಹೋಗಿ ಎಂಬುದು ಅವರ ಬೇಡಿಕೆ. ದುರಾಸೆಯ ಮಾತೇನೂ ಅಲ್ಲ.

ಹಾಗೆ ಬಿಟ್ಟು ಹೋದವರೂ ಇದ್ದಾರೆ. 1993ರಲ್ಲಿ ಬಂದ 'ಡೂಮ್' ಬಂದೂಕಿನ ಆಟ. ಬಂದೂಕಿನ ಆಟಗಳೆಂದರೆ ನನಗೆ ಆಗದು. ಆದರೂ ಅದನ್ನು ಮಾಡಿದ ಇಡ್ ಸಾಫ್ಟ್‌ವೇರ್ ಕಂಪನಿಗೆ ಒಂದು ನಮಸ್ಕಾರ. ನಾಲ್ಕು ವರ್ಷ ಮಾರಿ ಹಣ ಮಾಡಿಕೊಂಡು, 1997ರಲ್ಲಿ ಆಟದ ಒಳಗುಟ್ಟನ್ನು ಜಗತ್ತಿಗೆ ಕೊಟ್ಟುಬಿಟ್ಟಿತು. ಚಿತ್ರಗಳು, ಸದ್ದುಗಳು ಮಾತ್ರ ತನ್ನವೇ ಎಂದಿತು. ಆಸಕ್ತರು ಅವುಗಳ ಬದಲಿಗೆ ತಾವೇ ಬರೆದ ಚಿತ್ರಗಳನ್ನು ಸೇರಿಸಿ 'ಫ್ರೀಡೂಮ್' ಮಾಡಿದರು. ಮೂವತ್ತು ವರ್ಷ ಕಳೆದರೂ ಆ ಆಟ ಇನ್ನೂ ಬದುಕಿದೆ. ಮುಕ್ತ ಅಥವಾ ಸ್ವಾಮ್ಯದ್ದು ಎಂಬ ಎರಡೇ ದಾರಿಯಲ್ಲ, ಮೊದಲು ಗಳಿಸಿ ಆಮೇಲೆ ಬಿಟ್ಟುಕೊಡುವ ಮೂರನೆಯ ದಾರಿಯೂ ಇದೆ.

ಇನ್ನು ಮುಕ್ತದವರಿಗೂ ಒಂದು ಮಾತು. ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದದಿಂದ ಗೊಂದಲವಾಗುತ್ತದಂತೆ. ಕನ್ನಡದಲ್ಲಿ ನಮಗೆ ಪುಕ್ಕಟೆ ಬೇರೆ, ಮುಕ್ತ ಬೇರೆ. ಆದರೂ ಬಹಳ ಜನ ಮುಕ್ತವನ್ನು ಪುಕ್ಕಟೆ ಎಂದೇ ಬಳಸಿಕೊಳ್ಳುತ್ತಾರೆ. ಪೆಂಗ್ವಿನ್ ಬರೆದವನು, ಮೆನುಗಳನ್ನು ಕನ್ನಡಕ್ಕೆ ತಂದವನು ರಾತ್ರಿ ಯಾವ ಹೊತ್ತಿನಲ್ಲಿ ಆ ಕೆಲಸ ಮಾಡಿದ, ಯಾರಾದರೂ ವಿಚಾರಿಸಿದ್ದಾರೆಯೇ? ಇದು ಹೆಂಗಸರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಸಂಬಳವಿಲ್ಲದ ಕೆಲಸ ಕೆಲಸವೇ ಅಲ್ಲ ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಪ್ರೀತಿಯಿಂದ ಮಾಡುವ ಕೆಲಸಕ್ಕೂ ದಣಿವು ಇರುತ್ತದೆ. ಅದಕ್ಕೇ ನಾನು ಹುಟ್ಟುಹಬ್ಬದ ಆಟಕ್ಕೆ ಕೊಟ್ಟಷ್ಟೇ ಹಣವನ್ನು ಈ ವರ್ಷ ಮುಕ್ತ ಆಟದವರಿಗೂ ಕಳಿಸಿದೆ. ಯಾರೂ ಕೇಳಿರಲಿಲ್ಲ. ಕೇಳದವರಿಗೆ ಕೊಡುವುದನ್ನು ನಾವೂ ಕಲಿಯಬೇಕು.

ಮಕ್ಕಳ ವಿಷಯಕ್ಕೆ ಬಂದರೆ ಇದು ಬರೀ ಮನೆಯ ಆಟದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಲಿನಕ್ಸಿನಲ್ಲಿ ನಡೆಯುತ್ತವೆ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿ ಪ್ರಾಥಮಿಕ ತರಗತಿಗಳಿಗೆಂದು ಮಾಡಿದ ಕಂಪ್ಯೂಟರ್ ಪಠ್ಯದ ಹೆಸರೇ 'ಕಳಿಪ್ಪೆಟ್ಟಿ', ಅಂದರೆ ಆಟದ ಪೆಟ್ಟಿಗೆ. ಆ ಶಾಲೆಗಳಲ್ಲಿ ಬಳಸುವ 'ಜಿಕಾಂಪ್ರಿ' ಎಂಬ ಮಕ್ಕಳ ಆಟಗಳ ಗುಚ್ಛ 2000ದಲ್ಲಿ ಫ್ರಾನ್ಸಿನ ಒಬ್ಬರು ಆರಂಭಿಸಿದ್ದು. ಹೆಸರಿನ ಉಚ್ಚಾರದಲ್ಲೇ 'ನನಗೆ ಅರ್ಥವಾಯಿತು' ಎಂಬ ಫ್ರೆಂಚ್ ಮಾತು ಅಡಗಿದೆ. ಶಾಲೆಯಲ್ಲಿ ಆಡಿದ್ದನ್ನೇ ಮಗು ಮನೆಯಲ್ಲಿಯೂ ಹಾಕಿಕೊಳ್ಳಬಹುದು, ಅಪ್ಪ ಹಣ ಕೊಡಬೇಕಿಲ್ಲ, ಮೇಷ್ಟ್ರು ಕದ್ದು ಹಂಚಬೇಕಿಲ್ಲ. ಇಂಥಲ್ಲಿ ಕೀಲಿ ಬೇರೆಯವರ ಕೈಯಲ್ಲಿರುವ ಆಟ ಎಷ್ಟೇ ಚಂದವಿದ್ದರೂ ನನ್ನ ಮತ ಅದಕ್ಕಿಲ್ಲ.

ನಮ್ಮ ಯಜಮಾನರ ಕೈಯಲ್ಲಿ ಒಂದು ಎಚ್‌ಎಂಟಿ ಜನತಾ ಗಡಿಯಾರವಿದೆ. ಬೆಳಗ್ಗೆ ಕಾಫಿಯ ಜೊತೆ ಅದಕ್ಕೆ ಕೀ ಕೊಡುವುದು ಅವರ ಸಂಧ್ಯಾವಂದನೆ. ಅದನ್ನು ಮಾಡಿದ ಕಂಪನಿಯ ಕೈಗಡಿಯಾರದ ಕಾರ್ಖಾನೆ ನಮಗೆ ಹತ್ತಿರದ ಜಾಲಹಳ್ಳಿಯಲ್ಲೇ 1961ರಲ್ಲಿ ಶುರುವಾಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆದರೆ ಗಡಿಯಾರ ನಿಂತಿಲ್ಲ. ನಿಂತರೆ ಯಶವಂತಪುರದಲ್ಲಿ ಒಬ್ಬ ರಿಪೇರಿಯವರಿದ್ದಾರೆ. ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹತ್ತು ನಿಮಿಷದಲ್ಲಿ ಸರಿಮಾಡಿ ಕೊಡುತ್ತಾರೆ. ಮೊಮ್ಮಗಳ ಮನೆ ಮುಳುಗಿದ ದಿನ ಯಜಮಾನರು ಆ ಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟು, "ಇದು ಮುಚ್ಚಳ ತೆಗೆಯೋಕೆ ಬರುತ್ತೆ ಕಣೇ ಪುಟ್ಟೀ" ಎಂದರು. ಅಷ್ಟೇ ಹೇಳಿದ್ದು. ಮಾತು ಕಡಿಮೆ ಅವರದು.

ಮೊನ್ನೆ ಜೋರು ಮಳೆಗೆ ನಮ್ಮ ಬೀದಿಯಲ್ಲಿ ಎರಡು ದಿನ ಇಂಟರ್‌ನೆಟ್ ಇರಲಿಲ್ಲ. ನಾವಿಬ್ಬರೂ ಪೆಂಗ್ವಿನ್ ಗಾಡಿ ಓಡಿಸುತ್ತಾ ಕುಳಿತೆವು. ಎರಡನೆಯ ಸುತ್ತಿನ ತಿರುವಿನಲ್ಲಿ ಒಂದು ಫಲಕ ಕಂಡಿತು. ಮೊದಲು ಅಲ್ಲಿ ಏನೋ ಜಾಹೀರಾತಿನ ಹಾಗಿನ ಚಿತ್ರವಿತ್ತು. ಈಗ ಹೆಂಚಿನ ಮನೆ, ಕೊಳ, ಕೊಳದಲ್ಲಿ ಸೊಟ್ಟಗಿನ ಬಾತುಕೋಳಿಗಳು. ಮಹಡಿಯ ಹುಡುಗನಿಂದ ಯಾವ ಕಡತವೆಂದು ಕೇಳಿಕೊಂಡು ತಾನೇ ಬರೆದು ಹಾಕಿದ್ದಳಂತೆ.

"ಅದರಲ್ಲಿ ನಾನು ಯಾವುದೇ?" ಎಂದು ಕೇಳುವಷ್ಟರಲ್ಲಿ ನನ್ನ ಗಾಡಿ ಚೂಯಿಂಗ್ ಗಮ್ಮಿಗೆ ಅಂಟಿಕೊಂಡಿತು. ಅವಳು ಮುಂದೆ ಹೋಗಿಬಿಟ್ಟಳು.