ಡೂ-ವಾಪ್ ಪಂಥ ಮತ್ತು ನಿರರ್ಥಕ ಅಕ್ಷರಗಳು

ವೀಣೆ ಶೇಷಣ್ಣನವರ ತಿಲ್ಲಾನವೊಂದನ್ನು ಕೇಳುತ್ತಿರುವಾಗ ಅದರ ಧೀಂ ತನನಗಳಿಗೆ ಅರ್ಥವೇನೆಂಬ ಪ್ರಶ್ನೆ ನಮ್ಮಲ್ಲಿ ಯಾವ ರಸಿಕನಿಗೂ ಹೊಳೆಯುವುದಿಲ್ಲ. ಮೃದಂಗದ ಜತಿಗಳೇ ಕಂಠದಲ್ಲಿ ನೆಲೆಗೊಂಡಂತಿರುವ ಆ ಅಕ್ಷರಗಳನ್ನು ಲಯದ ಶರೀರವೆಂದೇ ಅಂಗೀಕರಿಸುತ್ತೇವೆ. ಅದೇ ರಸಿಕನು ಅಮೆರಿಕದ ಜನಪ್ರಿಯ ಗೀತೆಯೊಂದರಲ್ಲಿ ನಿರರ್ಥಕವಾದ ಅಕ್ಷರಮಾಲೆ ಕಿವಿಗೆ ಬಿದ್ದೊಡನೆಯೇ ಅದನ್ನು ಬುದ್ಧಿಶೂನ್ಯವೆಂದು ತಳ್ಳಿಬಿಡುವುದುಂಟು. ಡೂ-ವಾಪ್ ಎಂದು ಪ್ರಸಿದ್ಧವಾದ ಗಾನಪಂಥದ ವಿಷಯದಲ್ಲಿ ಈ ತಿರಸ್ಕಾರ ತೀರ ಅನ್ಯಾಯವಾದುದೆಂದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಮಹಾಯುದ್ಧದ ತರುವಾಯ ನ್ಯೂಯಾರ್ಕ್, ಫಿಲಡೆಲ್ಫಿಯ, ಬಾಲ್ಟಿಮೋರ್ ಮೊದಲಾದ ನಗರಗಳ ಬಡ ಕೇರಿಗಳಲ್ಲಿ ಆಫ್ರಿಕನ್ ಮೂಲದ ತರುಣರು ನಾಲ್ವರೈವರು ಕೂಡಿ, ವಾದ್ಯಗಳನ್ನು ಕೊಳ್ಳುವ ಶಕ್ತಿಯಿಲ್ಲದೆ, ಬೀದಿಯ ಮೂಲೆಗಳಲ್ಲಿಯೂ ದನಿ ಮಾರ್ದನಿಗೊಳ್ಳುವ ಸುರಂಗರೈಲಿನ ನಿಲ್ದಾಣಗಳಲ್ಲಿಯೂ ಹಾಡಿ ಹಾಡಿ ಈ ಶೈಲಿಯನ್ನು ರೂಪಿಸಿದರು. ೧೯೩೦ರ ದಶಕದಲ್ಲಿಯೇ ಮಿಲ್ಸ್ ಸಹೋದರರು ಟ್ರಂಪೆಟ್ಟಿನ ನಾದವನ್ನು ಬಾಯಿಂದಲೇ ಅನುಕರಿಸಿ ಕೀರ್ತಿ ಪಡೆದಿದ್ದರು; ಅವರಲ್ಲಿ ಚಮತ್ಕಾರವಾಗಿದ್ದುದು ಈ ತರುಣರಲ್ಲಿ ಅನಿವಾರ್ಯವಾಯಿತು. ಮಂದ್ರಕಂಠದವನು ಡಬಲ್ ಬೇಸಿನ ಹೊಣೆಯನ್ನು ಹೊತ್ತನು. ನಡುವಣ ಕಂಠಗಳು ಸ್ಯಾಕ್ಸಫೋನುಗಳ ಸ್ಥಾನವನ್ನು ತುಂಬಿದವು. ಇವೆಲ್ಲದರ ಮೇಲೆ ಪ್ರಧಾನ ಗಾಯಕನು ಪ್ರಣಯದ ಮಾತುಗಳನ್ನು ಹಾಡಿದನು. ಆದುದರಿಂದ ಬಕಾರ, ಡಕಾರ, ಮಕಾರಗಳು ಇಲ್ಲಿ ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ: ಸ್ಪರ್ಶವ್ಯಂಜನವು ತಂತಿಯನ್ನು ಮೀಟಿದ ಆಘಾತವನ್ನೂ ಅನುನಾಸಿಕವು ಅದರ ಅನುರಣನವನ್ನೂ ಒದಗಿಸುತ್ತದೆ. ನಿಜವನ್ನು ನುಡಿಯುವುದಾದರೆ, ಈ ಗೀತೆಗಳಲ್ಲಿ ಬಹುಮಟ್ಟಿಗೆ ದುರ್ಬಲವಾದುದು ಅರ್ಥವುಳ್ಳ ಭಾಗವೇ.

೧೯೫೪ರಲ್ಲಿ ಬ್ರಾಂಕ್ಸ್ ಪ್ರಾಂತದ ಕಾರ್ಡ್ಸ್ ತಂಡ ‘ಶ್-ಬೂಮ್’ ಗೀತೆಯ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದು ಜನಪ್ರಿಯತೆಯ ಪಟ್ಟಿಯನ್ನು ಏರುತ್ತಿದ್ದಂತೆಯೇ ಕ್ರೂ ಕಟ್ಸ್ ಎಂಬ ಕೆನಡದ ಬಿಳಿಯರ ತಂಡ ಅದನ್ನೇ ಹಾಡಿ ಅಗ್ರಸ್ಥಾನವನ್ನು ಆಕ್ರಮಿಸಿತು. ಆ ಕಾಲದ ವರ್ಣಭೇದದ ವ್ಯಾಪಾರನೀತಿಗೆ ಇದು ನಿದರ್ಶನವೆಂಬುದು ಸರ್ವವಿದಿತ. ವಿಮರ್ಶಕನಿಗೆ ಇಲ್ಲಿ ಬೇರೊಂದು ಪಾಠವೂ ಉಂಟು. ಅಕ್ಷರಗಳು ಅವೇ, ಆದರೂ ಮೊದಲ ಮುದ್ರಿಕೆಯಲ್ಲಿ ತಾಳದ ಮೇಲೆ ಸಡಿಲವಾಗಿ ಜಾರುವ ಉಚ್ಚಾರ ಎರಡನೆಯದರಲ್ಲಿ ಪಾಠಶಾಲೆಯ ಕಂಠಪಾಠದಂತೆ ಬಿಗಿಯಾಗಿ ಒಣಗಿದೆ. ಮಾತಿನ ಆಸರೆ ಇಲ್ಲದೆಡೆ ಗಾಯಕನ ಕಾಲಪ್ರಜ್ಞೆಯ ಕೊರತೆಯನ್ನು ಮರೆಮಾಡುವ ತೆರೆ ಯಾವುದೂ ಇರುವುದಿಲ್ಲ.

ಈ ಪಂಥದ ಶಕ್ತಿಯನ್ನೂ ದೋಷವನ್ನೂ ಏಕತ್ರ ಕಾಣಬೇಕಾದರೆ ‘ಬ್ಲೂ ಮೂನ್’ ಗೀತೆಯನ್ನು ಪರಿಶೀಲಿಸಬೇಕು. ರಿಚರ್ಡ್ ರಾಜರ್ಸನ ಆ ಧಾಟಿಗೆ ಲೊರೆನ್ಸ್ ಹಾರ್ಟನು ಬೇರೆ ಬೇರೆ ಸಾಹಿತ್ಯಗಳನ್ನು ಹೊಂದಿಸಿ ನೋಡಿದ ಮೇಲೆಯೇ ೧೯೩೪ರಲ್ಲಿ ಈಗಿನದು ನಿಂತಿತು. ಏಕಾಕಿಯ ವಿಷಾದ ಅದರ ಪ್ರಾಣ. ೧೯೬೧ರಲ್ಲಿ ಪಿಟ್ಸ್‌ಬರ್ಗಿನ ಮಾರ್ಸೆಲ್ಸ್ ತಂಡದ ಮಂದ್ರಗಾಯಕ ಫ್ರೆಡ್ ಜಾನ್ಸನನು ಅದರ ಮುಂದೆ ಅಕ್ಷರಗಳ ಒಂದು ಜಲಪಾತವನ್ನೇ ಹರಿಯಿಸಿದಾಗ ಆ ವಿಷಾದ ಸಂಪೂರ್ಣವಾಗಿ ಕೊಚ್ಚಿಹೋಗಿ, ನಿಷ್ಕಾರಣವಾದ ಉಲ್ಲಾಸವೊಂದು ಆ ಸ್ಥಾನದಲ್ಲಿ ಪ್ರತಿಷ್ಠಿತವಾಯಿತು. ಆ ಉಲ್ಲಾಸಕ್ಕೆ ನಾನು ಮನಸೋತಿದ್ದೇನೆ. ಆದರೆ ಹಾರ್ಟನ ಕವಿತೆ ಅಲ್ಲಿ ಅಳಿಯಿತೆಂಬುದನ್ನು ಮರೆಯಲಾರೆ. ದುಃಖವನ್ನು ಹೊರುವ ಗಾಂಭೀರ್ಯ ಈ ಅಕ್ಷರಗಳಿಗೆ ಬಹು ವಿರಳವಾಗಿ ಲಭಿಸಿತು. ಅದೇ ವರ್ಷ ಬ್ಯಾರಿ ಮ್ಯಾನ್ ಇಂತಹ ಅಕ್ಷರಗಳನ್ನೇ ವಸ್ತುವಾಗಿಸಿ ಹಾಡಿದನು. ಪಂಥವೊಂದು ತನ್ನ ಉಪಕರಣಗಳನ್ನೇ ಕೊಂಡಾಡತೊಡಗಿದಾಗ ಅದರ ಸೃಷ್ಟಿಶಕ್ತಿ ಇಳಿಮುಖವಾಗಿದೆಯೆಂದೇ ತಿಳಿಯಬೇಕು.

ಆದರೂ ಅದು ಕಲಿಸಿದ ಶ್ರವಣಸಂಸ್ಕಾರ ಉಳಿದುಬಂದಿತು. ಲಾಸ್ ಏಂಜಲಿಸಿನ ಡೂ-ವಾಪ್ ಗಾಯಕ ರಿಚರ್ಡ್ ಬೆರಿ ೧೯೫೭ರಲ್ಲಿ ಸ್ಪಷ್ಟವಾಗಿ ಹಾಡಿದ ‘ಲೂಯಿ ಲೂಯಿ’ ನಾವಿಕನೊಬ್ಬನ ನಿರ್ದೋಷವಾದ ವಿರಹಗೀತೆ. ಅದು ಪಶ್ಚಿಮ ತೀರದಾಚೆಗೆ ಹೆಚ್ಚು ಹಬ್ಬಲಿಲ್ಲ. ೧೯೬೩ರಲ್ಲಿ ಕಿಂಗ್ಸ್‌ಮೆನ್ ತಂಡ ಅದನ್ನೇ ಒಂದು ಪದವೂ ತಿಳಿಯದಂತೆ ಹಾಡಿದಾಗ ಅಶ್ಲೀಲತೆಯ ಆಪಾದನೆ ಹುಟ್ಟಿ, ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ. ವಿಚಾರಣೆ ನಡೆಸಿ, ಕಡೆಗೆ ಮಾತುಗಳನ್ನು ಗ್ರಹಿಸಲಾಗದೆಂದು ಕೈಬಿಟ್ಟಿತು. ಅಷ್ಟರಲ್ಲಿಯೇ ಆ ಅಸ್ಪಷ್ಟ ಮುದ್ರಿಕೆ ರಾಷ್ಟ್ರದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿದ್ದಿತು. ಅದನ್ನು ಏರಿಸಿದ ತರುಣರು ಮೂರೇ ಸ್ವರಮೇಳಗಳ ಆ ಆವರ್ತನೆಗೆ ಕುಣಿಯುತ್ತಿದ್ದರು.