ಶಿಕ್ಷಿಸುವುದೆಂದರೆ ಕಲಿಸುವುದೇ?

ಹನಕೆರೆಯಿಂದ ಮಂಡ್ಯದ ಕಾಲೇಜಿಗೆ ಓಡಾಡುವ ಹುಡುಗಿಯೊಬ್ಬಳು ಈಚೆಗೆ ತನ್ನ ಇಂಗ್ಲಿಷ್ ವಾಕ್ಯವೊಂದನ್ನು ತೋರಿಸಿದಳು. ಕಳ್ಳನಿಗೆ ಕೋರ್ಟು ಮೂರು ವರ್ಷ ಸಜೆ ಕೊಟ್ಟಿತು ಎನ್ನುವುದಕ್ಕೆ ಅವಳು ಬಳಸಿದ ಕ್ರಿಯಾಪದ 'ಚಾಸ್ಟೈಸ್'. ನಿಘಂಟಿನಲ್ಲಿ ಅದಕ್ಕೆ 'ಶಿಕ್ಷಿಸು' ಎಂದಿದೆ, ಆದ್ದರಿಂದ ಸರಿ ಎಂಬುದು ಅವಳ ವಾದ. ನಿಘಂಟಿನ ಲೆಕ್ಕದಲ್ಲಿ ವಾದ ಸರಿಯೇ. ಆದರೆ ಇಂಗ್ಲಿಷಿನಲ್ಲಿ ಕೋರ್ಟು ಕಳ್ಳನನ್ನು 'ಪನಿಶ್' ಮಾಡುತ್ತದೆ, ಜೈಲಿಗೆ 'ಸೆಂಟೆನ್ಸ್' ಮಾಡುತ್ತದೆ. 'ಚಾಸ್ಟೈಸ್' ಮಾಡಿದರೆ ಆ ಕಳ್ಳ ಬರಿಯ ಬೈಗುಳ ತಿಂದು ಮನೆಗೆ ಹೋಗುತ್ತಾನೆ.

ಪದಗಳ ಬಗ್ಗೆ ಇಂಥ ಪ್ರಶ್ನೆಗಳನ್ನು ಗಂಭೀರವಾಗಿ ತೆಗೆದುಕೊಳ್ಳುವ ಪರಂಪರೆ ಮಂಡ್ಯ ಸೀಮೆಗೆ ಹೊಸದಲ್ಲ. 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಸಂಶಯಗಳಿಗೆ ಉತ್ತರಿಸಿದ ಜಿ. ವೆಂಕಟಸುಬ್ಬಯ್ಯ (1913–2021) ಹುಟ್ಟಿದ್ದು ಈ ಜಿಲ್ಲೆಯಲ್ಲೇ. ಅದೇ ಧೈರ್ಯದಲ್ಲಿ ಈ ಪದವನ್ನು ಬಿಚ್ಚಿ ನೋಡೋಣ.

'ಚಾಸ್ಟೈಸ್' ಪದದ ಬೇರು ಲ್ಯಾಟಿನ್ನಿನ 'ಕಾಸ್ಟುಸ್', ಅಂದರೆ ಶುದ್ಧ. 'ಚೇಸನ್', 'ಕ್ಯಾಸ್ಟಿಗೇಟ್' ಇದರ ಒಡಹುಟ್ಟುಗಳು. ಹೊಡೆದು ಶುದ್ಧ ಮಾಡುವುದು ಇದರ ಹಳೆಯ ಅರ್ಥ. ಕಾಲ ಕಳೆದಂತೆ ಬೆತ್ತ ಹಿಂದೆ ಸರಿದು ಈಗ ಹೆಚ್ಚಾಗಿ ಮಾತಿನ ಏಟು ಉಳಿದಿದೆ. 'ಪನಿಶ್' ಹಾಗಲ್ಲ, ಅದರ ಬೇರಿನಲ್ಲಿರುವುದು ತಪ್ಪಿಗೆ ತೆರುವ ಬೆಲೆ. ಅದು ನಮ್ಮ 'ದಂಡ'ಕ್ಕೆ ಹತ್ತಿರ. 'ದಂಡ' ಎಂದರೆ ಕೋಲು, ಜುಲ್ಮಾನೆ, 'ಎಲ್ಲಾ ದಂಡ ಆಯ್ತು' ಎನ್ನುವಾಗ ವ್ಯರ್ಥ. ಕೋಲನ್ನು ಬಚ್ಚಿಡದ ಪ್ರಾಮಾಣಿಕ ಪದ ಅದು.

ಬಚ್ಚಿಡುವುದು 'ಶಿಕ್ಷೆ'. ಸಂಸ್ಕೃತದಲ್ಲಿ ಅದು ಕಲಿಕೆ. ವೇದಾಂಗಗಳಲ್ಲಿ ಉಚ್ಚಾರಣೆಯ ಶಾಸ್ತ್ರದ ಹೆಸರೂ ಅದೇ. ಹಿಂದಿಯಲ್ಲಿ ಇಂದಿಗೂ ವಿದ್ಯೆ. ಕನ್ನಡ, ತೆಲುಗು, ಮರಾಠಿಗಳಂಥ ಭಾಷೆಗಳಲ್ಲಿ ಅದು ಏಟಾಯಿತು. ಅದಕ್ಕೇ 'ಸರ್ವ ಶಿಕ್ಷಾ ಅಭಿಯಾನ' ಇಲ್ಲಿ 'ಸರ್ವ ಶಿಕ್ಷಣ ಅಭಿಯಾನ'ವಾಗಬೇಕಾಯಿತು. ನಮ್ಮಲ್ಲಿ ಶಿಕ್ಷಕ, ಶಿಕ್ಷಣ, ಶಿಕ್ಷೆ ಒಂದೇ ಮನೆಯಲ್ಲಿವೆ. ಆಡುಮಾತಿನ 'ಬುದ್ಧಿ ಕಲಿಸ್ತೀನಿ', 'ಪಾಠ ಕಲಿಸ್ತೀನಿ' ಎಂಬ ಬೆದರಿಕೆಗಳೂ ಅಲ್ಲಿಯವೇ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಜೀತದಾಳು ಧಣಿಯನ್ನು ಕರೆಯುತ್ತಿದ್ದದ್ದು 'ಬುದ್ಧೀ' ಎಂದೇ. ಬುದ್ಧಿ ಯಾರದು, ಕಲಿಯಬೇಕಾದವರು ಯಾರು ಎಂಬುದು ಕರೆಯುವಾಗಲೇ ತೀರ್ಮಾನವಾಗಿರುತ್ತಿತ್ತು.

ಈ ಎರಡೂ ಪದಗಳ ಅಪಾಯ ಇಲ್ಲಿದೆ. 'ಚಾಸ್ಟೈಸ್' ಆಗಲಿ 'ಶಿಕ್ಷಿಸು' ಆಗಲಿ ನಡೆದ ಏಟನ್ನಷ್ಟೇ ಹೇಳುವುದಿಲ್ಲ, ಹೊಡೆದವನ ಸದುದ್ದೇಶಕ್ಕೆ ಸಾಕ್ಷಿಯನ್ನೂ ನುಡಿಯುತ್ತದೆ. 1860ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನಿನಲ್ಲಿ ಹಾಪ್ಲಿ ಎಂಬ ಮೇಷ್ಟ್ರು ಹುಡುಗನ ತಂದೆಯ ಅನುಮತಿ ಪಡೆದೇ ಹೊಡೆದ, ಹುಡುಗ ಸತ್ತ. ನ್ಯಾಯಾಲಯ ಮೇಷ್ಟ್ರನ್ನು ಜೈಲಿಗೆ ಕಳಿಸಿತು, ಆದರೆ ಮಿತವಾಗಿ ಹೊಡೆಯುವ ಹಕ್ಕನ್ನು ಉಳಿಸಿತು. ಅದೇ ವರ್ಷದ ಭಾರತೀಯ ದಂಡ ಸಂಹಿತೆಯ 89ನೇ ಕಲಮು, ಹನ್ನೆರಡು ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪೋಷಕರು, ಅಥವಾ ಅವರ ಒಪ್ಪಿಗೆಯಿಂದ ಬೇರೆಯವರು, ಸದ್ಭಾವದಿಂದ ಮಾಡಿದ ಕೃತ್ಯಕ್ಕೆ ರಕ್ಷಣೆ ಕೊಟ್ಟಿತು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಲು 2009ರ ಕಾಯ್ದೆ ಬರಬೇಕಾಯಿತು. ಅದರ ಹೆಸರೇ ಶಿಕ್ಷಣ ಹಕ್ಕು ಕಾಯ್ದೆ!

ಈ ಗಂಟನ್ನು ನಮ್ಮ ಸಾಹಿತ್ಯದಲ್ಲಿ ನೇರವಾಗಿ ಮುಟ್ಟಿದ್ದು ಕುವೆಂಪು ಅವರ 'ಶೂದ್ರ ತಪಸ್ವಿ' (1944) ಎಂದು ನನಗನ್ನಿಸುತ್ತದೆ. ರಾಮಾಯಣದ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ ತಪ್ಪಿಗೆ ಶಂಬೂಕನ ತಲೆ ಉರುಳುತ್ತದೆ. ಅದು ದಂಡ. ಸತ್ತವನು ಏನನ್ನು ಕಲಿತಾನು? ಕುವೆಂಪು ನಾಟಕದಲ್ಲಿ ರಾಮನ ಬಾಣ ತಪಸ್ವಿಯನ್ನು ಬಿಟ್ಟು ದೂರು ತಂದ ಬ್ರಾಹ್ಮಣನನ್ನೇ ಅಟ್ಟುತ್ತದೆ, ಅವನನ್ನು ಕೊಲ್ಲುವುದಿಲ್ಲ. ತಪಸ್ವಿಗೆ ಆತ ತಲೆಬಾಗಿದಾಗ ಶಾಂತವಾಗುತ್ತದೆ. ಶಿಕ್ಷೆ ಇಲ್ಲಿ ತನ್ನ ಮೂಲಾರ್ಥಕ್ಕೆ ಮರಳಿದೆ, ಶಿಷ್ಯ ಬದಲಾಗಿದ್ದಾನೆ. ಹಳೆಯ ಕಥೆಯನ್ನು ಹೀಗೆ ತಿರುಗಿಸುವುದನ್ನು ಮಾಸ್ತಿ ಆಕ್ಷೇಪಿಸಿದರು, ಕುವೆಂಪು ಉತ್ತರಿಸಿದರು. ಆ ಚರ್ಚೆಯಲ್ಲಿ ಕವಿಯ ಸ್ವಾತಂತ್ರ್ಯದ ಮಾತೇ ಮುಂದಿತ್ತು. ನಾಟಕ ಕೇಳುವ ಇನ್ನೊಂದು ಪ್ರಶ್ನೆಯೂ ಇದೆ: ಕಲಿಯಬೇಕಾದವರು ಯಾರೆಂದು ನಿರ್ಧರಿಸುವವರು ಯಾರು? ನಾಟಕದ ಒಂದು ಮಿತಿಯನ್ನೂ ಹೇಳಬೇಕು. ಕಲಿಸಲು ಇಲ್ಲಿಯೂ ಬಾಣ ಬೇಕಾಯಿತು. ಭಯವಿಲ್ಲದೆ ಆ ತಲೆ ಬಾಗುತ್ತಿತ್ತೇ ಎಂಬುದಕ್ಕೆ ನಾಟಕದಲ್ಲಿ ಉತ್ತರವಿಲ್ಲ.

ಹುಡುಗಿಗೆ ಹೇಳಿದೆ: 'ಚಾಸ್ಟೈಸ್' ಬಂದರೆ ಸಂದರ್ಭ ನೋಡು. ಗದರಿಸು, ತರಾಟೆಗೆ ತೆಗೆದುಕೊ, ಹಳೆಯ ಪುಸ್ತಕವಾದರೆ ಹೊಡೆದು ತಿದ್ದು. ಕೋರ್ಟಿನ ಸಜೆಗೆ ಬೇಡ. ಅವಳು ಬರೆದುಕೊಂಡು ಕೇಳಿದಳು, "ಇವೆಲ್ಲ ಹೊಡೆಯೋರ ಮಾತಾಯ್ತು. ಏಟು ತಿಂದೋರು ಏನಂತಾರೆ?"

ಏಟು ತಿಂದವರು 'ಹೊಡೆದರು' ಎನ್ನುತ್ತಾರೆ. ಅನುವಾದಕರು ಆ ಪದವನ್ನೂ ಕೈಗೆಟುಕುವಲ್ಲಿ ಇಟ್ಟುಕೊಂಡಿರಬೇಕು.